ಖಾಯಂ ವಾಸದ ಮನೆ

ಫೆಬ್ರವರಿ ೪

ಮುನಿಸಪ್ಪನಿಗೆ ಅಕ್ಕನ ಆಶೀರ್ವಾದ.

ಎರಡು ವರ್ಷದ ಮೇಲೆ ಕಾಗದ ಬಂತಲ್ಲ, ಇವಳಿಗೆ ಏನೋ ಕೆಲಸ ಆಗಬೇಕಾಗಿದೆ, ಅದಕ್ಕೇ ತಮ್ಮ ನೆನಪಾದ ಎಂದು ನೀನು ಅಂದುಕೊಳ್ಳುತ್ತೀಯ. ಹೌದು, ಕೆಲಸ ಆಗಬೇಕಾಗಿದೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಫೋನಿನ ಕಥೆ ನಿನಗೇ ಗೊತ್ತಲ್ಲ. ಅಪ್ಪ ಹೋದ ವಾರ ನಾನೊಂದು ಅಂದೆ, ನೀನೆರಡು ಅಂದೆ, ಅಲ್ಲಿಗೆ ಬಾಗಿಲು ಮುಚ್ಚಿತು. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಪೂರ್ತಿ ಓದಲೇಬೇಕು.

ವಿಷಯ ಇಷ್ಟು. ಅಪ್ಪನ ಮನೆಯ ಮೂರು ಕೋಣೆಗಳನ್ನು ಸಮುದ್ರ ನೋಡಲು ಬರುವವರಿಗೆ ಎರಡು ದಿನ, ನಾಲ್ಕು ದಿನ ಎಂದು ಬಾಡಿಗೆಗೆ ಕೊಡುತ್ತಿದ್ದೇನೆ. ಕಣ್ಣು ಮಂಜಾದ ಮೇಲೆ ಹೊಲಿಗೆ ಅಂಗಡಿಯಲ್ಲಿ ನನಗೆ ಗುಂಡಿ ಹಾಕುವುದು, ಅಂಚು ಮಡಿಸುವುದು ಬಿಟ್ಟರೆ ಬೇರೆ ಕೆಲಸ ಕೊಡುವುದಿಲ್ಲ. ಈಗ ಹೊಟ್ಟೆ ನಡೆಯುತ್ತಿರುವುದು ಆ ಕೋಣೆಗಳಿಂದಲೇ. ಅದಕ್ಕೂ ಕಲ್ಲು ಬಿತ್ತು. ಹೊರಗಿನ ದುಡ್ಡಿನವರು ಬಂದು ಬೀದಿಬೀದಿಯಲ್ಲಿ ಮನೆ ಕೊಂಡು ಎಲ್ಲವನ್ನೂ ಛತ್ರ ಮಾಡಿಬಿಟ್ಟರು, ಊರಿನವರಿಗೆ ಇರಲು ಮನೆ ಸಿಗುತ್ತಿಲ್ಲ ಎಂದು ನಗರಸಭೆಯವರು ಹೊಸ ನಿಯಮ ತಂದಿದ್ದಾರೆ. ಇನ್ನು ಮೇಲೆ ಲೈಸೆನ್ಸ್ ಬೇಕು. ತಂಗಿದವರ ತಲೆ ಎಣಿಸಿ ಅತಿಥಿ ತೆರಿಗೆ ಕಟ್ಟಬೇಕು. ಗೇಟಿಗೆ ಬೋರ್ಡ್ ಹಾಕಬೇಕು. ಇದೆಲ್ಲ ಹೇಗೋ ಮಾಡಬಹುದು. ಆದರೆ ಮನೆಯ ಯಜಮಾನ ಅದೇ ಮನೆಯಲ್ಲಿ ಖಾಯಂ ವಾಸ ಇದ್ದರೆ ಮಾತ್ರ ಲೈಸೆನ್ಸ್ ಅಂತೆ!

ಯಜಮಾನ ಯಾರು? ನೀನು. ವಾಸ ಇರುವವಳು ಯಾರು? ನಾನು. ಅಪ್ಪನ ಹಾಸಿಗೆ ತೊಳೆದವಳು ನಾನು, ಅವರು ವಿಲ್ ಬರೆದದ್ದು ನಿನ್ನ ಹೆಸರಿಗೆ. ಇರಲಿ, ಹಳೇ ಪುರಾಣ ಬೇಡ.

ಇದರ ಜೊತೆ ಅರ್ಜಿ ಇಟ್ಟಿದ್ದೇನೆ. ‘ಈ ಮನೆಯೇ ನನ್ನ ಖಾಯಂ ವಾಸ’ ಎಂದು ಬರೆದಿರುವ ಕಡೆ ಸಹಿ ಹಾಕಿ, ನಿನ್ನ ಗುರುತಿನ ಸಂಖ್ಯೆ ತುಂಬಿ ಕಳಿಸು. ಸುಳ್ಳು ಎಂದು ಹೆದರಬೇಡ. ಹುಟ್ಟಿದ ಮನೆ ಖಾಯಂ ಅಲ್ಲದೆ ಮತ್ತೇನು? ನಿನ್ನನ್ನು ಕೇಳುತ್ತಿರುವುದು ಇದೊಂದೇ. ಇಲ್ಲ ಎನ್ನಬೇಡ.

ಅಕ್ಕ

*

ಫೆಬ್ರವರಿ ೧೬

ಅಕ್ಕಾ,

ಸಹಿ ಹಾಕಿ ಕಳಿಸಿದ್ದೇನೆ. ನಿನ್ನ ಕೈಬರಹ ನೋಡಿ ಸಂತೋಷ ಆಯಿತು. ಎರಡು ಸಲ ಓದಿದೆ. ನೀನು ಕೇಳಿದ್ದೇ ದೊಡ್ಡದು ನನಗೆ.

ಡಿಪೋದಲ್ಲಿ ಕೆಲಸ ಹಾಗೇ ನಡೆದಿದೆ. ಹಳೇ ಬಸ್ಸುಗಳು, ಬ್ರೇಕ್ ಸರಿ ಮಾಡಿದರೆ ಗೇರ್ ಕೆಡುತ್ತದೆ. ನನ್ನಾಕೆ ಲಾಂಡ್ರಿಗೆ ಹೋಗುತ್ತಿದ್ದಾಳೆ. ನಾನು ಒಮ್ಮೆಯೂ ಊರಿಗೆ ಕರೆತರದೆ ನೀನು ನೋಡದ ನಿನ್ನ ಸೊಸೆ ಚುಕ್ಕಿಗೆ ಎಂಟು ತುಂಬಿತು. ಬಾಯಿ ನಿನ್ನದೇ, ಮನೆಯಲ್ಲಿ ಅವಳೊಬ್ಬಳು ಮಾತಾಡಿದರೆ ಸಾಕು. ಈಚೆಗೆ ಸ್ವಲ್ಪ ಸುಸ್ತು ಎನ್ನುತ್ತಾಳೆ. ಸಂಜೆ ಆದರೆ ಪಾದ ಊದಿಕೊಳ್ಳುತ್ತದೆ.

ಬೋರ್ಡ್ ಬಂದ ಮೇಲೆ ಬರಿ.

ತಮ್ಮ

*

ಏಪ್ರಿಲ್ ೨

ಮನೆ ಯಜಮಾನರಿಗೆ,

ಲೈಸೆನ್ಸ್ ಬಂತು ಕಣೋ! ಗೇಟಿನ ಮೇಲೆ ನಿನ್ನ ಹೆಸರು ಜೋರಾಗಿ ಕೂತಿದೆ, ಅದರ ಕೆಳಗೆ ನಂಬರು. ಹೋಗುವವರು ಬರುವವರು ಓದುತ್ತಾರೆ. ಅಪ್ಪ ಇದ್ದಿದ್ದರೆ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು.

ಇನ್ಸ್‌ಪೆಕ್ಟರ್ ಎರಡು ಸಲ ಬಂದಿದ್ದ. “ಯಜಮಾನ್ರು ಎಲ್ಲಮ್ಮ?” ಎಂದ. “ಈಗ ತಾನೇ ಆಚೆ ಹೋದ್ರು ಸಾರ್, ಅವರ ಕಾಲು ಮನೇಲಿ ನಿಲ್ಲಲ್ಲ” ಎಂದೆ. ಬಾಗಿಲಲ್ಲಿ ನಿನ್ನ ಅಳತೆಯ ಚಪ್ಪಲಿ ಇಟ್ಟಿದ್ದೇನೆ. ಬಚ್ಚಲಲ್ಲಿ ನಿನ್ನ ಹಲ್ಲುಜ್ಜುವ ಬ್ರಷ್ಷು, ಕ್ಷೌರದ ಬಟ್ಟಲು. ದಿನ ಬಿಟ್ಟು ದಿನ ಗಂಡಸಿನ ಅಂಗಿ ಒಗೆದು ತಂತಿಗೆ ಹಾಕುತ್ತೇನೆ. ಕೊಳೆಯೇ ಇಲ್ಲದ ಅಂಗಿ ಒಗೆಯುವ ಯೋಗ ಈ ಊರಿನಲ್ಲಿ ನನಗೊಬ್ಬಳಿಗೇ. ನಿನ್ನ ಕೋಣೆಯಲ್ಲಿ ಹಾಸಿಗೆ ಕೆದರಿ, ಆಮೇಲೆ ಮಡಿಸಿ ಇಡುತ್ತೇನೆ. ನಗಬೇಡ. ಕೆಲವೊಮ್ಮೆ ನೀನು ನಿಜವಾಗಿ ಆಚೆ ಹೋಗಿದ್ದೀಯ, ಊಟಕ್ಕೆ ಬರುತ್ತೀಯ ಅನಿಸುತ್ತದೆ.

ಎದುರುಮನೆ ಮೇಷ್ಟ್ರು ಮಾತ್ರ ಉರಿದು ಬೀಳುತ್ತಿದ್ದಾರೆ. ತಂಗಲು ಬಂದವರು ಅವರ ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಾರೆ, ಹಾಡು ಹಾಕುತ್ತಾರೆ. ನಾನೂ ಹೇಳಿ ಹೇಳಿ ಸೋತೆ. ರಜಕ್ಕೆ ಬಂದ ಜನ, ನಾಯಿ ಬಾಲ ಇದ್ದ ಹಾಗೆ.

ಚುಕ್ಕಿಯ ಪಾದದ ವಿಷಯ. ಬೆಳೆಯೋ ಮಗು, ಚಪ್ಪಲಿ ಬಿಗಿಯಾಗಿರಬೇಕು. ಒಂದು ಅಳತೆ ದೊಡ್ಡದು ಕೊಡಿಸು, ಜಿಪುಣತನ ಮಾಡಬೇಡ.

ಅಕ್ಕ

*

ಮೇ ೨೦

ಅಕ್ಕಾ,

ಒಂದು ಮಾತು ಕೇಳುತ್ತೇನೆ, ಬೈಯದೆ ಓದು. ಲೈಸೆನ್ಸ್ ವಾಪಸ್ ಕೊಟ್ಟುಬಿಡು. ನಗರಸಭೆಗೆ ಹೋಗಿ, ಇನ್ನು ಬಾಡಿಗೆಗೆ ಕೊಡುವುದಿಲ್ಲ, ಯಜಮಾನರು ಬೇರೆ ಊರಿಗೆ ಹೋಗುತ್ತಿದ್ದಾರೆ ಎಂದು ಬರೆದುಕೊಟ್ಟರೆ ಸಾಕು. ತಾನಾಗಿ ಬಿಟ್ಟುಕೊಟ್ಟರೆ ಯಾರೂ ಏನೂ ಕೇಳುವುದಿಲ್ಲವಂತೆ, ವಿಚಾರಿಸಿದ್ದೇನೆ. ಮನೆ ನಿನ್ನ ಹೆಸರಿಗೇ ಮಾಡಿಕೊಡುತ್ತೇನೆ. ಎಲ್ಲಿ ಹೇಳುತ್ತೀಯೋ ಅಲ್ಲಿ ಸಹಿ ಹಾಕುತ್ತೇನೆ.

ಬೇಗ ಆಗಬೇಕು. ಕಾರಣ ಆಮೇಲೆ ಹೇಳುತ್ತೇನೆ.

ತಮ್ಮ

*

ಮೇ ೨೯

ತಮ್ಮಾ,

ಬೈಯದೆ ಓದು ಎಂದೆಯಲ್ಲ, ಬೈಯದೆ ಓದಿದೆ. ಈಗ ಬೈಯುತ್ತೇನೆ.

ಫೆಬ್ರವರಿಯಲ್ಲಿ ‘ನೀನು ಕೇಳಿದ್ದೇ ದೊಡ್ಡದು’ ಎಂದು ಬೆಣ್ಣೆ ಹಚ್ಚಿದವನು ಮೇ ತಿಂಗಳಲ್ಲಿ ಕೊಟ್ಟದ್ದನ್ನು ಕಿತ್ತುಕೊಳ್ಳುತ್ತೀಯ? ಇದು ನಿನ್ನ ತಲೆಯಲ್ಲಿ ಹುಟ್ಟಿದ ಮಾತಲ್ಲ, ಯಾರ ತಲೆಯಲ್ಲಿ ಹುಟ್ಟಿದ್ದು ಎಂದು ನನಗೆ ಗೊತ್ತಿದೆ. ಅತ್ತಿಗೆಯ ಬಾಯಿಗೆ ಹೋಗುವ ತುತ್ತು ತನ್ನ ತಟ್ಟೆಗೆ ಬೀಳಲಿ ಎಂದು ನಿನ್ನಾಕೆಗೆ ಅನಿಸಿರಬೇಕು. ಮನೆ ಮಾರುವ ಯೋಚನೆಯೇ? ಹಾಗಿದ್ದರೆ ನೇರ ಹೇಳು. ‘ಕಾರಣ ಆಮೇಲೆ’ ಎಂದರೇನು? ಚಿಕ್ಕಂದಿನಿಂದಲೂ ನಿನ್ನದು ಇದೇ ಬುದ್ಧಿ. ಮುನಿಸಿಕೊಂಡು ಮೂಲೆಯಲ್ಲಿ ಕೂರುವುದು, ಯಾಕೋ ಎಂದರೆ ಗೋಡೆ ನೋಡುವುದು.

ನನ್ನ ಹೆಸರಿಗೆ ಮಾಡಿಕೊಡುತ್ತೀಯಂತೆ, ದೊಡ್ಡ ದಾನಶೂರ! ಯಜಮಾನ ಬದಲಾದರೆ ಹೊಸಬರು ಒಂದು ವರ್ಷ ವಾಸ ಇದ್ದು ತೋರಿಸಬೇಕು, ಅಲ್ಲಿತನಕ ಲೈಸೆನ್ಸ್ ಇಲ್ಲ. ಆ ವರ್ಷ ನಾನೇನು ಗಾಳಿ ಕುಡಿದು ಬದುಕಲೇ? ಎಲ್ಲ ವಿಚಾರಿಸಿದವನು ಇದನ್ನು ವಿಚಾರಿಸಲಿಲ್ಲವೇ?

ಇಲ್ಲಿ ಆಗಲೇ ನನ್ನ ತಲೆಗೆ ಬೆಂಕಿ ಬಿದ್ದಿದೆ. ಮೇಷ್ಟ್ರು ತಕರಾರು ಅರ್ಜಿ ಕೊಟ್ಟಿದ್ದಾರೆ, ಈ ಮನೆಯಲ್ಲಿ ಯಜಮಾನ ವಾಸವೇ ಇಲ್ಲ ಎಂದು. ಜೂನ್ ಮೂರನೇ ವಾರ ವಿಚಾರಣೆ. ಅದರ ನಡುವೆ ನಿನ್ನದೊಂದು. ಗಾಯದ ಮೇಲೆ ಬರೆ ಎಳೆಯಬೇಡ.

ಅಕ್ಕ

*

ಜೂನ್ ೬

ಅಕ್ಕಾ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಬೇರೆ ಯಾರಿದ್ದಾರೆ?

ಚಪ್ಪಲಿ ಬಿಗಿಯಾದದ್ದಲ್ಲ. ಚುಕ್ಕಿಯ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆಯಬೇಕು. ಈ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಅದು ಉಚಿತ, ಚೆನ್ನಾಗಿಯೂ ಮಾಡುತ್ತಾರೆ. ಆದರೆ ಈ ನಗರದಲ್ಲಿ ಖಾಯಂ ವಾಸ ಇರುವವರ ಮಕ್ಕಳಿಗೆ ಮಾತ್ರ. ಕೌಂಟರಿನಲ್ಲಿ ನನ್ನ ಗುರುತಿನ ಸಂಖ್ಯೆ ಒತ್ತಿದ ಹುಡುಗಿ ಪರದೆ ನೋಡಿ, “ನಿಮ್ಮ ಖಾಯಂ ವಾಸ ಬೇರೆ ಊರು ತೋರಿಸ್ತಿದೆ ಸಾರ್, ಅಲ್ಲೇ ಮಾಡಿಸ್ಬೇಕು” ಎಂದಳು. “ಆ ಊರಲ್ಲಿ ಈ ಯಂತ್ರ ಇಲ್ಲಮ್ಮ” ಎಂದೆ. “ಅದಕ್ಕೆ ನಾವೇನು ಮಾಡೋಕಾಗುತ್ತೆ?” ಎಂದಳು. ಕೆಟ್ಟವಳಲ್ಲ. ನನ್ನ ಹಿಂದೆ ದೊಡ್ಡ ಸಾಲು ನಿಂತಿತ್ತು.

ನನ್ನಾಕೆಯ ವಿಳಾಸ ತೋರಿಸಿದೆ. ಮನೆ ಯಜಮಾನನ ಖಾಯಂ ವಾಸವೇ ಮನೆಮಂದಿಗೆಲ್ಲ ಎಂದರು. ಈಗ ಖಾಸಗಿಯವರ ಹತ್ತಿರ ಮಾಡಿಸುತ್ತಿದ್ದೇವೆ. ಮೂರು ಸಲದ್ದು ಎರಡಾಗಿದೆ. ಫೋನುಗಳನ್ನು ಮಾರಿದೆವು. ನೀನು ಬೈದೆಯಲ್ಲ, ಅವಳು ಲಾಂಡ್ರಿ ಮುಗಿಸಿ ಇನ್ನೆರಡು ಮನೆಗಳಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ನಿನ್ನ ಮೇಲೆ ಒಂದು ಮಾತು ಆಡಿದವಳಲ್ಲ.

ತಕರಾರು ಬಿದ್ದ ಮೇಲೆ ಲೈಸೆನ್ಸ್ ತಾನಾಗಿ ಬಿಟ್ಟುಕೊಡಲು ಬರುವುದಿಲ್ಲವಂತೆ. ನಾನೇ ಬಂದು, ಸಹಿ ಹಾಕಿದ್ದು ಸುಳ್ಳು ಎಂದು ಬರೆದುಕೊಟ್ಟರೆ ಈ ಗಂಟು ಬಿಚ್ಚುತ್ತದೆ. ಆದರೆ ಸುಳ್ಳು ಪ್ರಮಾಣ ಎಂದು ಒಪ್ಪಿಕೊಂಡರೆ ಮನೆಗೆ ಬೀಗ ಜಡಿಯುತ್ತಾರಂತೆ. ನೀನು ಎಲ್ಲಿಗೆ ಹೋಗುತ್ತೀಯ?

ಹಾಗಾದರೆ ಇದನ್ನೆಲ್ಲ ಯಾಕೆ ಬರೆದು ಕಳಿಸಬಾರದು ಎಂದು ನೀನು ಕೇಳಬಹುದು. ಅಪ್ಪ ಹೋದ ವಾರ ಫೋನಿನಲ್ಲಿ ನೀನು ಅಂದದ್ದು ನಿನಗೆ ನೆನಪಿದೆಯೋ ಇಲ್ಲವೋ. “ಮನೆ ನಿನಗೆ ಬಂತಲ್ಲ, ಉಣ್ಣು. ನಾಳೆ ಹೆಂಡ್ತಿಗೆ ಹುಷಾರಿಲ್ಲ, ಮಗೂಗೆ ಹುಷಾರಿಲ್ಲ ಅಂತ ನನ್ನ ಮುಂದೆ ಬಂದು ಕೈಯೊಡ್ಡಬೇಡ.” ಕೈ ಕಡಿದುಕೊಂಡರೂ ಒಡ್ಡುವುದಿಲ್ಲ ಎಂದೆ ನಾನು. ಸಿಟ್ಟಿನ ಮಾತು, ಗೊತ್ತು. ಆದರೂ ‘ಮಗುವಿಗೆ ಹುಷಾರಿಲ್ಲ’ ಎಂದು ಬರೆಯಲು ಹೋದಾಗಲೆಲ್ಲ ನಿನ್ನ ಆ ದನಿ ಕೇಳುತ್ತದೆ, ಪೆನ್ನು ಮುಂದೆ ಹೋಗುವುದಿಲ್ಲ.

ಒಂದು ದಾರಿ ಇದೆ. ನನ್ನ ಅರ್ಜಿಯ ಮೇಲೆ ಈ ಆಸ್ಪತ್ರೆಯವರು ನಿಮ್ಮ ನಗರಸಭೆಗೆ ಬರೆದು ಕೇಳಿದ್ದಾರೆ, ಈತ ನಿಜವಾಗಿ ಅಲ್ಲಿ ವಾಸ ಇದ್ದಾನೆಯೇ ಎಂದು. ವಿಚಾರಣೆಯಲ್ಲಿ ವಾಸ ಸಾಬೀತಾಗದಿದ್ದರೆ ಲೈಸೆನ್ಸ್ ಮಾತ್ರ ಹೋಗುತ್ತದೆ, ಮನೆ ಉಳಿಯುತ್ತದೆ. ನನ್ನ ಹೆಸರೂ ಅಲ್ಲಿಂದ ಬಿಡುಗಡೆ ಆಗುತ್ತದೆ. ಎದುರುಮನೆ ಮೇಷ್ಟ್ರು ಗೆಲ್ಲಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೇನೆ ಅಕ್ಕಾ. ಒಡಹುಟ್ಟಿದವಳು ಸೋಲಲಿ ಎಂದು ಬೇಡಿಕೊಳ್ಳುವ ಹಾಗಾಯಿತು ನನ್ನ ಬಾಳು.

*

ಜೂನ್ ೭

ಅಕ್ಕಾ,

ವಿಚಾರಣೆಗೆ ಹೋಗಬೇಡ. ಹೋದರೂ ಬಾಯಿ ಬಿಡಬೇಡ, ಮೇಷ್ಟ್ರು ಹೇಳಿದ್ದಕ್ಕೆ ಎದುರು ಹೇಳಬೇಡ. ಲೈಸೆನ್ಸ್ ಹೋದರೆ ಹೋಗಲಿ. ಇಷ್ಟು ಮಾಡು. ನಿನ್ನ ಕಾಲಿಗೆ ಬೀಳುತ್ತೇನೆ.

ತಮ್ಮ

*

ಜೂನ್ ೨೪

ನನ್ನ ಪುಕ್ಕಲು ತಮ್ಮನಿಗೆ,

ಗೆದ್ದೆವು!

ನಿನ್ನ ಕಾಗದ ವಿಚಾರಣೆಗೆ ಮೊದಲೇ ಬಂತು. ಓದಿ ಮೊದಲು ಸಿಟ್ಟು ಬಂತು, ಆಮೇಲೆ ಪಾಪ ಅನಿಸಿತು. ಆಗ ಅರ್ಥವಾಯಿತು ನೀನು ಯಾಕೆ ಲೈಸೆನ್ಸ್ ಬಿಟ್ಟುಕೊಡು ಎಂದು ಹಟ ಹಿಡಿದೆ ಎಂದು. ಸಹಿ ಹಾಕಿದ್ದಕ್ಕೆ ಎಲ್ಲಿ ಜೈಲಿಗೆ ಹಾಕುತ್ತಾರೋ ಎಂದು ಹೆದರಿದ್ದೀಯ, ಅಷ್ಟೇ. ಶಾಲೆಯಲ್ಲಿ ಕಿಟಕಿ ಗಾಜು ಒಡೆದು ನನ್ನ ಲಂಗದ ಹಿಂದೆ ಅಡಗಿ ನಿಂತವನಲ್ಲವೇ ನೀನು? ಆವತ್ತೂ ಹೆಡ್‌ಮಾಸ್ತರ ಮುಂದೆ ನಿಂತವಳು ನಾನು. ನಿನ್ನಾಕೆಯನ್ನು ಸುಮ್ಮನೆ ಅಂದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೇಳು.

ನಡೆದದ್ದು ಕೇಳು. ನಗರಸಭೆಯ ಮೇಲಿನ ಕೋಣೆ, ಉದ್ದ ಮೇಜು, ಅದರ ಆಚೆ ಅಧಿಕಾರಿ. ಮೇಷ್ಟ್ರು ಎದ್ದು ನಿಂತು ಪಾಠ ಒಪ್ಪಿಸುವವರ ಹಾಗೆ ಎಲ್ಲ ಹೇಳಿದರು. “ಆ ಮನೇಲಿ ಗಂಡಸು ಇರೋದು ನೋಡಿದೀರಾ ಇಲ್ವಾ?” ಎಂದು ಅಧಿಕಾರಿ ಕೇಳಿದ. “ಚಪ್ಪಲಿ ನೋಡಿದೀನಿ ಸ್ವಾಮಿ, ಕಾಲು ನೋಡಿಲ್ಲ” ಎಂದರು! ಕೋಣೆಯೆಲ್ಲ ನಕ್ಕಿತು. ನನಗೂ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ.

ಆಮೇಲೆ ನನ್ನ ಸಾಕ್ಷಿಗಳು. ಹಾಲಿನವನು, ದಿನಾ ನೀನೇ ಬಂದು ಪಾತ್ರೆ ಒಡ್ಡುತ್ತೀಯ ಎಂದ. ಕ್ಷೌರದ ಅಂಗಡಿಯವನಂತೂ ಅಡ್ಡಗೋಡೆಯ ಮೇಲೆ ದೀಪ ಇಡುವವನಲ್ಲ. “ಇವರ ತಲೆ ನನಗೆ ಗೊತ್ತಿಲ್ವಾ ಬುದ್ಧಿ? ಹಿಂದುಗಡೆ ಎರಡು ಸುಳಿ ಇದೆ, ಬಾಚಣಿಗೆ ಕೂರಲ್ಲ. ಹೋದ ವಾರ ಕೂಡ ಕಟಿಂಗ್ ಮಾಡಿದೀನಿ” ಎಂದುಬಿಟ್ಟ. ನಿನಗೆ ಕೊನೆಯ ಸಲ ಅವನು ಕತ್ತರಿ ಹಾಕಿದ್ದು ಯಾವ ಕಾಲದಲ್ಲೋ! ಎರಡು ಸುಳಿ ಕೇಳಿ ಅಧಿಕಾರಿ ತಲೆದೂಗಿದ. ಸುಳ್ಳುಗಾರನಿಗೆ ಸುಳಿ ಹೇಗೆ ಗೊತ್ತಾಗಬೇಕು ಹೇಳು?

ಕೊನೆಗೆ ಅಧಿಕಾರಿ ಒಂದು ಕಾಗದ ಎತ್ತಿ, “ಇನ್ನೊಂದು ಊರಿಂದಾನೂ ಇದೇ ಪ್ರಶ್ನೆ ಬಂದಿದೆ, ಈ ಮನುಷ್ಯ ನಿಜವಾಗಿ ಎಲ್ಲಿರ್ತಾರೆ ಅಂತ” ಎಂದ. ಮೇಷ್ಟ್ರು ಅಲ್ಲಿಗೂ ಬರೆದು ಕಡ್ಡಿ ಆಡಿಸಿದ್ದಾರೆ ಎಂದು ನನಗೆ ತಿಳಿಯಿತು. ಮೈ ಉರಿಯಿತು. “ಅವರಿಗೂ ಇದೇ ಉತ್ತರ ಬರೆದುಬಿಡಿ ಸಾರ್. ನನ್ನ ತಮ್ಮ ಇಲ್ಲೇ ಹುಟ್ಟಿದವನು, ಇಲ್ಲೇ ಇರೋನು, ಇದು ಬಿಟ್ರೆ ಅವನಿಗೆ ಬೇರೆ ಮನೆ ಇಲ್ಲ” ಎಂದೆ. ಹೇಳುವಾಗ ಕಣ್ಣಲ್ಲಿ ನಿಜವಾಗಿ ನೀರು ಬಂತು. ಹಾಗೇ ಬರೆದು ಆಸ್ಪತ್ರೆಯೋ ಮತ್ತೆಂಥದೋ, ಆ ವಿಳಾಸಕ್ಕೆ ಅವತ್ತೇ ಪ್ರತಿ ಕಳಿಸಿದ. ನಿನ್ನ ಖಾಯಂ ವಾಸ ವಿಚಾರಣೆಯಲ್ಲೇ ಸಾಬೀತಾಗಿದೆ. ಲೈಸೆನ್ಸಿನ ವರ್ಷ ಮುಗಿಯುವ ತನಕ ಅದನ್ನು ಯಾರೂ ಅಲ್ಲಾಡಿಸುವಂತಿಲ್ಲ ಎಂದು ಆದೇಶ ಆಗಿದೆ.

ಇನ್ನಾದರೂ ನಿಶ್ಚಿಂತೆಯಿಂದ ನಿದ್ದೆ ಮಾಡು. ನಾನಿದ್ದೇನೆ.

ಅಕ್ಕ

*

ಜುಲೈ ೨

ಅಕ್ಕಾ,

ನಿನ್ನ ಆದೇಶದ ಪ್ರತಿ ನಿನ್ನ ಕಾಗದಕ್ಕಿಂತ ಮೊದಲೇ ಇಲ್ಲಿಗೆ ಬಂತು. ಮಕ್ಕಳ ಆಸ್ಪತ್ರೆಯವರು ಅದನ್ನು ನನಗೆ ಓದಿ ಹೇಳಿದರು. ಎರಡು ಸುಳಿಯ ವಿಷಯವೂ ಅದರಲ್ಲಿದೆ.

ಮೇಷ್ಟ್ರು ಎಲ್ಲಿಗೂ ಬರೆದಿರಲಿಲ್ಲ. ಕೇಳಿಸಿದವನು ನಾನು. ಚುಕ್ಕಿಯ ಕಿಡ್ನಿ ಹೋಗಿದೆ. ಅವಳನ್ನು ಇಲ್ಲಿಯ ಯಂತ್ರಕ್ಕೆ ಸೇರಿಸಬೇಕಾದರೆ ನನ್ನ ಖಾಯಂ ವಾಸ ಇಲ್ಲಿ ಇರಬೇಕು. ಅದು ನಿನ್ನ ಗೇಟಿನ ಮೇಲಿದೆ. ಮೇ ತಿಂಗಳಿಂದ ನಾನು ಕೇಳುತ್ತಿದ್ದದ್ದು ಅದನ್ನೇ. ಯಾಕೆ ಬಾಯಿಬಿಟ್ಟು ಹೇಳಲಿಲ್ಲ ಎಂದರೆ ಹೇಳಲಿಲ್ಲ. ಮಗುವಿಗೆ ಹುಷಾರಿಲ್ಲ ಎಂದು ಬರಬೇಡ ಎಂದಿದ್ದೆ ನೀನು. ಬರಲಿಲ್ಲ.

ಮೊದಲು ವಾರಕ್ಕೆ ಎರಡು ಸಲ ಮಾಡಿಸುತ್ತಿದ್ದೆವು. ಈಗ ಒಂದು. ಮುಖ ಊದಿ ಕಣ್ಣು ಕಾಣುವುದಿಲ್ಲ. ನೀರು ಕೊಡು ಎಂದು ಅಳುತ್ತಾಳೆ, ಅಳೆದು ಕೊಡಬೇಕು. “ಅತ್ತೆ ಮನೆ ಹತ್ರ ಸಮುದ್ರ ಇದೆಯಂತೆ, ಅಲ್ಲಿ ಎಷ್ಟು ಬೇಕಾದ್ರೂ ನೀರು ಇರುತ್ತಾ ಅಪ್ಪಾ?” ಎಂದು ನಿನ್ನೆ ಕೇಳಿದಳು.

ನಾನೇ ಬಂದು ಸುಳ್ಳು ಒಪ್ಪಿಕೊಳ್ಳಬೇಕು. ಆದರೆ ಅವಳು ವಾರ್ಡಿನಲ್ಲಿದ್ದಾಳೆ, ನನ್ನ ಕೈ ಬಿಡುವುದಿಲ್ಲ. ನೀನು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಒಪ್ಪಿಕೊಂಡರೆ ಮನೆ ಹೋಗುತ್ತದೆ, ಇದು ನಿನಗೆ ತಿಳಿದಿರಲಿ.

ತಮ್ಮ

*

ಜುಲೈ ೧೧

ತಮ್ಮಾ, ನನ್ನಪ್ಪಾ,

ನಿನ್ನ ಕಾಗದ ಮೊನ್ನೆ ಬೆಳಗ್ಗೆ ಬಂತು. ಬಾಗಿಲಲ್ಲೇ ನಿಂತು ಓದಿದೆ. ಓದಿ ಮುಗಿಸಿ ಹಾಗೇ ಬೀದಿಗೆ ಇಳಿದೆ, ಕಾಲಲ್ಲಿ ಏನಿತ್ತು ಎಂದು ಕೂಡ ನೋಡಲಿಲ್ಲ. ನಗರಸಭೆ ತಲುಪಿದ ಮೇಲೆ ನೋಡುತ್ತೇನೆ, ನಿನ್ನ ಹೆಸರಿನಲ್ಲಿ ಇಟ್ಟಿದ್ದ ಗಂಡಸಿನ ಚಪ್ಪಲಿ.

ದಾರಿಯಲ್ಲಿ ನಿನಗೆ ಫೋನ್ ಮಾಡಿದೆ, ಹೋಗಲಿಲ್ಲ. ಡಿಪೋಗೆ ಮಾಡಿದೆ, ರಜೆಯಲ್ಲಿದ್ದಾರೆ ಎಂದರು. ಅಧಿಕಾರಿಯ ಮುಂದೆ ನಿಂತು, “ನಾನು ಹೇಳಿದ್ದೆಲ್ಲ ಸುಳ್ಳು ಸಾರ್, ನನ್ನ ತಮ್ಮ ಇಲ್ಲಿಲ್ಲ, ವರ್ಷಗಳಿಂದ ಇಲ್ಲ” ಎಂದೆ. ಅವನು ಬಾಗಿಲು ಹಾಕಿಸಿ, “ಯೋಚನೆ ಮಾಡಿ ಮಾತಾಡಿ ಅಮ್ಮಾ. ಇದು ಬರೆದ್ಕೊಂಡ್ರೆ ಇವತ್ತೇ ಮನೆಗೆ ಬೀಗ ಬೀಳುತ್ತೆ” ಎಂದ. “ನಾಲಿಗೆ ನನ್ನದು, ಸುಳ್ಳೂ ನನ್ನದು. ಬರ್ಕೊಳ್ಳಿ, ಬೇಗ ಬರ್ಕೊಳ್ಳಿ” ಎಂದೆ. ಅವನ ಕೈ ನಿಧಾನ. ಆ ಕೈ ಹಿಡಿದು ನಾನೇ ಬರೆಯೋಣ ಅನಿಸಿತು.

ಸಂಜೆಯ ಹೊತ್ತಿಗೆ ಬಂದು ಮನೆಗೆ ಸೀಲು ಹಾಕಿದರು. ಎರಡು ಕೋಣೆಯಲ್ಲಿ ಜನ ಇದ್ದರು, ಅವರು ಒದ್ದೆ ಬಟ್ಟೆ ಚೀಲಕ್ಕೆ ತುರುಕಿಕೊಂಡು ನನ್ನನ್ನು ಬಾಯಿಗೆ ಬಂದಂತೆ ಬೈದು ಹೋದರು. ಬೈಯಲಿ. ಕ್ಷೌರದವನ ಅಂಗಡಿ ಮುಚ್ಚಿಸಿದ್ದಾರೆ, ಸುಳ್ಳು ಸಾಕ್ಷಿ ಹೇಳಿದ್ದಕ್ಕೆ. ಕತ್ತರಿ, ಬಾಚಣಿಗೆ ಚೀಲಕ್ಕೆ ತುಂಬಿಕೊಂಡು ನನ್ನ ಮುಂದೆಯೇ ಹೋದ. ಬೈಯಬೇಕಿತ್ತು.

ನನ್ನ ಟ್ರಂಕು ಬೀದಿಯಲ್ಲಿತ್ತು. ಅದನ್ನು ಎತ್ತಿ ಒಳಗಿಟ್ಟವರು ಮೇಷ್ಟ್ರು. ಅವರ ಕೈಗೆ ನಿನ್ನ ಕಾಗದ ಕೊಟ್ಟೆ. ಓದಿದರು. “ಮೊದಲೇ ಗೊತ್ತಿದ್ದಿದ್ರೆ ಇನ್ನೂ ಜೋರಾಗಿ ಜಗಳ ಆಡ್ತಿದ್ದೆ ಕಣಮ್ಮ” ಎಂದರು. ಈಗ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ.

ಹೇಳಿಕೆ ಪೂರ್ತಿ ಆಗುವ ತನಕ ಊರು ಬಿಡಬಾರದು ಎಂದಿದ್ದಾರೆ, ಇಲ್ಲದಿದ್ದರೆ ನಾನೇ ತಂದು ಕೊಡುತ್ತಿದ್ದೆ. ನಿನ್ನ ಹೆಸರು ಇಲ್ಲಿಂದ ತೆಗೆದ ಕಾಗದ ಇದರ ಜೊತೆಗಿದೆ. ಸೀಲು ಸರಿಯಾಗಿ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ್ದೇನೆ. ತಲುಪಿದ ಕ್ಷಣ ಓಡು.

ನಾನು ಅಂದ ಆ ಮಾತು. ಏನು ಹೇಳಲಿ? ನನ್ನ ಬಾಯಿಗೆ ಹುಳ ಬೀಳಲಿ. ಆ ಮಾತಿಗಿಂತ ನಾನು ದೊಡ್ಡವಳು ಕಣೋ ತಮ್ಮಾ, ನಿನಗೆ ಅಷ್ಟೂ ಗೊತ್ತಾಗಲಿಲ್ಲವೇ? ಒಂದು ಸಲ, ಒಂದೇ ಒಂದು ಸಲ ‘ಮಗುವಿಗೆ ಹುಷಾರಿಲ್ಲ’ ಎಂದು ಬರೆದಿದ್ದರೆ!

ಅಕ್ಕ

*

ಜುಲೈ ೧೮

ಅಕ್ಕಾ,

ಕಾಗದ ತಲುಪಿತು. ಅವತ್ತೇ ಮಕ್ಕಳ ಆಸ್ಪತ್ರೆಗೆ ಕೊಟ್ಟೆ. ಸೀಲು ಸರಿಯಾಗಿದೆ ಎಂದರು. ಚುಕ್ಕಿಯ ಹೆಸರು ಸೇರಿಸಿಕೊಂಡು, ಸೋಮವಾರದಿಂದ ಸರದಿ ಎಂದು ಚೀಟಿ ಕೊಟ್ಟಿದ್ದಾರೆ.

ನೀನು ಮಾಡಿದ್ದನ್ನು ಯಾರೂ ಮಾಡುವುದಿಲ್ಲ.

ತಮ್ಮ

*

ಜುಲೈ ೨೮

ತಮ್ಮಾ,

ನಿನ್ನ ಕಾಗದ ನೋಡಿ ಅಂಗಡಿಯವರ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟೆ. ಸೋಮವಾರದಿಂದ ಸರದಿ! ನಾಲ್ಕೇ ಸಾಲು ಬರೆದಿದ್ದೀಯ, ನಿನ್ನ ಬುದ್ಧಿ ಎಲ್ಲಿಗೆ ಹೋಗಬೇಕು, ಆದರೆ ಆ ನಾಲ್ಕು ಸಾಲೇ ನನಗೆ ಊಟ, ನಿದ್ದೆ ಎಲ್ಲ. ಈಗ ಅವಳ ಮುಖದ ಊತ ಇಳಿದಿರಬೇಕು. ನೀರು ಸ್ವಲ್ಪ ಜಾಸ್ತಿ ಕೊಡಬಹುದೇ, ವೈದ್ಯರನ್ನು ಕೇಳು.

ನನ್ನ ಹೇಳಿಕೆ ಮುಗಿಯಿತು. ಬರುವ ವಾರ ಅಲ್ಲಿಗೆ ಬರುತ್ತೇನೆ. ಮನೆಯಂತೂ ಇಲ್ಲ, ನನ್ನನ್ನು ಕಟ್ಟಿಹಾಕಲು ಇನ್ನೇನಿದೆ? ನೀವಿಬ್ಬರೂ ಕೆಲಸಕ್ಕೆ ಹೋಗಿ, ಅವಳನ್ನು ಯಂತ್ರಕ್ಕೆ ಕರೆದುಕೊಂಡು ಹೋಗಿ ಬರುವುದು ನನ್ನ ಪಾಲಿಗೆ. ಬಾಯಿ ನನ್ನದೇ ಎಂದಿದ್ದೀಯಲ್ಲ, ಇಬ್ಬರಿಗೂ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಒಳ್ಳೆಯ ಹಳದಿ ಬಟ್ಟೆಯ ತುಂಡು ಉಳಿದಿದೆ. ತೋಳಿಗೆ ಗುಂಡಿ ಇಟ್ಟು ಹೊಲಿಯುತ್ತೇನೆ, ಸೂಜಿ ಚುಚ್ಚುವಾಗ ತೋಳು ಬಿಚ್ಚಿದರೆ ಸಾಕು, ಪೂರ್ತಿ ಕಳಚಬೇಕಾಗಿಲ್ಲ. ಕಣ್ಣು ಮಂಜಾದರೂ ಕೈಗೆ ಗೊತ್ತು. ಅವಳ ಅಳತೆ ಕಳಿಸು. ಎದೆ, ಸೊಂಟ, ಉದ್ದ, ತೋಳು.

ಅಕ್ಕ

*

ಆಗಸ್ಟ್ ೪

ಅಕ್ಕಾ,

ಅಳತೆ ಕೇಳಿದ್ದೀಯ. ಬರೆಯಲು ಕೂತೆ. ನನ್ನಾಕೆ ಚುಕ್ಕಿಯ ಶಾಲೆಯ ಫ್ರಾಕ್ ತಂದು ಮೇಜಿನ ಮೇಲೆ ಹರಡಿದಳು. ಎದೆ ಅಳೆದೆ, ಬರೆದೆ. ತೋಳು ಅಳೆದೆ. ಅಷ್ಟರಲ್ಲಿ ಅವಳು ಟೇಪು ಕಿತ್ತುಕೊಂಡು, “ಸಾಕು ಮಾಡಿ. ನಿಮ್ಮಕ್ಕನಿಗೆ ಹೇಳಿ. ನೀವು ಹೇಳದೆ ಇದ್ದದ್ದು ಸಾಕು” ಎಂದಳು.

ಚುಕ್ಕಿ ಇಲ್ಲ ಅಕ್ಕಾ. ಜುಲೈ ಹನ್ನೆರಡಕ್ಕೆ ಹೋದಳು, ಬೆಳಗ್ಗೆ. ನಿನ್ನ ಕಾಗದ ಅಂಚೆಯಲ್ಲಿತ್ತು. ಅದು ತಲುಪಿದ್ದು ಹದಿನೈದಕ್ಕೆ. ನಾನು ಬರೆದದ್ದು ಸುಳ್ಳಲ್ಲ. ಕಾಗದ ಹಿಡಿದು ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಎಂದು ನನಗೂ ಗೊತ್ತಿಲ್ಲ. ನೀನು ಮನೆ ಕೊಟ್ಟು ತಂದ ಕಾಗದ, ಅದನ್ನು ಎಲ್ಲಾದರೂ ಕೊಡಬೇಕಿತ್ತು. ಅದೇ ಹುಡುಗಿ ಇದ್ದಳು. “ನೋಡಿ ಸಾರ್, ಆಯ್ತಲ್ಲ!” ಎಂದು ನಕ್ಕು ಸರದಿಯ ಚೀಟಿ ಕೊಟ್ಟಳು. ಅವಳಿಗೂ ಹೇಳಲಾಗಲಿಲ್ಲ ನನಗೆ. ಚೀಟಿ ಜೇಬಿನಲ್ಲಿ ಇಟ್ಟುಕೊಂಡು ಬಂದೆ. ಆ ಸೋಮವಾರ ಆ ಹಾಸಿಗೆ ಖಾಲಿ ಇದ್ದಿರಬೇಕು, ಬೇರೆ ಯಾರದೋ ಮಗುವಿಗೆ ಆಗಬಹುದಿತ್ತು. ಅದೂ ಈಗ ಹೊಳೆಯುತ್ತಿದೆ.

ನಿನಗೆ ಹೇಗೆ ಬರೆಯಲಿ ಎಂದು ಕೂತೆ. ಮನೆ ಕಳೆದುಕೊಂಡವಳಿಗೆ, ಕಳೆದುಕೊಂಡದ್ದು ದಂಡವಾಯಿತು ಎಂದು ಹೇಗೆ ಬರೆಯುವುದು? ಅದಕ್ಕೇ ನಿಜದಲ್ಲಿ ಅರ್ಧ ಮಾತ್ರ ಬರೆದೆ. ನೀನು ಹಳದಿ ಬಟ್ಟೆ ತೆಗೆದಿಟ್ಟೆ.

ಹೊಲಿಯಬೇಡ. ಬಾ.

ಏನನ್ನೂ ತರಬೇಡ. ಇಲ್ಲಿ ಒಂದೇ ಕೋಣೆ, ಅವಳ ಹಾಸಿಗೆ ಖಾಲಿ ಇದೆ, ನೀನು ಅಲ್ಲೇ ಮಲಗಬೇಕಾಗುತ್ತದೆ. ಬೆಳಗಿನ ಬಸ್ಸಿಗೆ ಹೊರಡು, ನಿಲ್ದಾಣದಲ್ಲಿ ನಾವಿಬ್ಬರೂ ನಿಂತಿರುತ್ತೇವೆ. ನಾನು ಹೇಳದೆ ಇದ್ದದ್ದು ಹೆಚ್ಚೋ, ನೀನು ಕೇಳದೆ ಇದ್ದದ್ದು ಹೆಚ್ಚೋ ಎಂದು ಆಮೇಲೆ ಎಷ್ಟು ವರ್ಷ ಬೇಕಾದರೂ ಜಗಳ ಆಡೋಣ. ನಾನು ಇನ್ನೂ ಅತ್ತಿಲ್ಲ ಅಕ್ಕಾ. ನೀನು ಬಂದ ಮೇಲೆ ಅಳುತ್ತೇನೆ.

ತಮ್ಮ